ಹನ್ನೊಂದನೇ ತೋಟೆ

ಡ್ರೈ ಫೋರ್ಕ್, ಮೊಂಟಾನಾ
14 ಜನವರಿ 1956

ಶ್ರೀ ಲೆಲ್ಯಾಂಡ್ ಪ್ರೂಯಿಟ್ ಅವರಿಗೆ,

ನನ್ನ ಪರಿಚಯ ನಿಮಗಿಲ್ಲ. ನನ್ನ ಗಂಡ ಕೆರ್ಮಿಟ್ ಸ್ಟೊಕ್ಕೆ ಕಳೆದ ಜುಲೈನಲ್ಲಿ ನಿಮ್ಮಿಂದ ಅಂಚೆಯಲ್ಲಿ ತೋಟೆಯ ಹೊರಚಿಪ್ಪಾದ ಐವತ್ತು ಖಾಲಿ ಹಿತ್ತಾಳೆ ಕೇಸುಗಳನ್ನು ತರಿಸಿಕೊಂಡಿದ್ದರು. ಅವರ ರೈಫಲ್ ಜಪಾನಿನದು, ಯುದ್ಧ ಮುಗಿಸಿ ಲುಜಾನ್ ದ್ವೀಪದಿಂದ ಬರುವಾಗ ತಂದದ್ದು. ಅದಕ್ಕೆ ಹೊಂದುವ ತೋಟೆ ನಮ್ಮ ಕಡೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ನಮ್ಮ ಸೈನ್ಯದ ಹಳೆಯ ಕೇಸುಗಳನ್ನು ಅಚ್ಚಿಗೆ ಒತ್ತಿ, ಉದ್ದ ಕತ್ತರಿಸಿ, ಆ ರೈಫಲಿಗೆ ಸರಿಹೋಗುವಂತೆ ನೀವು ಮಾರ್ಪಡಿಸಿ ಕೊಡುತ್ತೀರೆಂದು ಬೇಟೆ ಪತ್ರಿಕೆಯ ಜಾಹೀರಾತಿನಲ್ಲಿ ಓದಿ ನಿಮಗೆ ಬರೆದಿದ್ದರು.

ಐವತ್ತಕ್ಕೂ ಕಿಡಿ ಹೊತ್ತಿಸುವ ಕ್ಯಾಪು ಕೂರಿಸಿ, ಮದ್ದು ಹಾಕಿ, ಗುಂಡು ಒತ್ತಿದ್ದಾಯಿತು. ಅಕ್ಟೋಬರಿನ ಒಂದು ಭಾನುವಾರ ಮನೆಯ ಹಿಂದಿನ ದಿಬ್ಬಕ್ಕೆ ಗುರಿಯಿಟ್ಟು ಹತ್ತು ಹೊಡೆದರು. ನವೆಂಬರ್ ಹನ್ನೆರಡರಂದು ಮನೆಗೆ ಹತ್ತಿರದ ಹಳ್ಳದ ಆಚೆ ನಿಂತಿದ್ದ ಎಲ್ಕ್ ಜಿಂಕೆಗೆ ಹನ್ನೊಂದನೆಯದನ್ನು ಹೊಡೆದರು. ಕೇಸಿನ ಬುಡ ಒಡೆದು, ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟಿನ ಪಕ್ಕದಿಂದ ಬೆಂಕಿಯೂ ಹಿತ್ತಾಳೆ ಚೂರೂ ಹಿಂದಕ್ಕೆ ನುಗ್ಗಿ ಬಂದವು. ಗ್ರೇಟ್ ಫಾಲ್ಸ್‌ನ ಆಸ್ಪತ್ರೆಯಲ್ಲಿ ಅವರ ಬಲಗಣ್ಣನ್ನು ತೆಗೆದರು.

ಹದಿನಾರು ವರ್ಷದಿಂದ, ಯುದ್ಧಕ್ಕೆ ಹೋಗಿದ್ದ ಮೂರು ವರ್ಷ ಬಿಟ್ಟು, ಅವರು ಇಲ್ಲಿನ ಶಾಲೆಯ ಬಸ್ಸು ಓಡಿಸುತ್ತಿದ್ದರು. ಈಗ ಬೇರೆಯವರು ಓಡಿಸುತ್ತಾರೆ. ಒಂದೇ ಕಣ್ಣಿನವರಿಗೆ ಮಕ್ಕಳ ಬಸ್ಸು ಕೊಡುವಂತಿಲ್ಲ, ಅದು ನನಗೆ ಅರ್ಥವಾಗುತ್ತದೆ. ಅರ್ಥವಾಗದಿರುವುದು ಬೇರೆ. ಊರಿನಲ್ಲಿ ಎಲ್ಲರೂ ಕೆರ್ಮಿಟ್ ಒಂದೇ ಕೇಸಿಗೆ ಎರಡು ಸಲ ಮದ್ದು ಸುರಿದ ಎನ್ನುತ್ತಾರೆ. ಕುಡಿದು ತುಂಬಿದ ಎಂದೂ ಕೆಲವರು ಸೇರಿಸುತ್ತಾರೆ. ಅವರು ತುಂಬುವಾಗ ನಾನು ಅದೇ ಮೇಜಿನ ಬಳಿ ಇದ್ದೆ. ಪ್ರತಿಯೊಂದನ್ನೂ ತಕ್ಕಡಿಯಲ್ಲಿ ತೂಗಿಯೇ ಹಾಕಿದ್ದು.

ಇಂಥ ಕೇಸು ಒಡೆಯಲು ಏನೇನು ಕಾರಣಗಳಿರಬಹುದು, ದಯವಿಟ್ಟು ಒಂದೊಂದಾಗಿ ಬರೆದು ತಿಳಿಸಿ. ನಾನು ಒಂದೊಂದನ್ನೂ ನೋಡುತ್ತೇನೆ.

ಆಲ್ಮಾ ಸ್ಟೊಕ್ಕೆ


ರೋಸ್‌ಬರ್ಗ್, ಆರೆಗಾನ್
26 ಜನವರಿ 1956

ಮಾನ್ಯ ಮಿಸೆಸ್ ಸ್ಟೊಕ್ಕೆ,

ನಿಮ್ಮ ಪತ್ರ ಓದಿ ಬಹಳ ದುಃಖವಾಯಿತು. ನನ್ನ ಹೆಂಡತಿ ವಿನೋನಾ ಕಳೆದ ಭಾನುವಾರ ಚರ್ಚಿನಲ್ಲಿ ನಿಮ್ಮ ಯಜಮಾನರ ಹೆಸರು ಹೇಳಿ ಪ್ರಾರ್ಥಿಸಿದಳು.

ನಾನು ಮೂವತ್ತು ವರ್ಷ ಸಾಮಿಲ್ಲಿನ ಯಂತ್ರಗಳ ರಿಪೇರಿ ಮಾಡಿದವನು. ಕೇಸು ಮಾರ್ಪಡಿಸಲು ಶುರುಮಾಡಿ ಒಂಬತ್ತು ವರ್ಷವಾಯಿತು. ಇಂಥ ಸಂಗತಿ ಎಲ್ಲಿ ನಡೆದರೂ ಹತ್ತರಲ್ಲಿ ಒಂಬತ್ತು ಸಲ ತಪ್ಪು ತುಂಬಿದವರ ಮೇಜಿನ ಮೇಲೆಯೇ ಸಿಗುತ್ತದೆ. ಮದ್ದು ಹೆಚ್ಚಾಗಿರಬಹುದು. ಡಬ್ಬಿ ಅದಲುಬದಲಾಗಿ ಬೇಗ ಉರಿಯುವ ಮದ್ದು ಬಿದ್ದಿರಬಹುದು. ನಳಿಗೆಯ ಬಾಯಿಗೆ ಹಿಮವೋ ಮಣ್ಣೋ ಸಿಕ್ಕಿರಬಹುದು. ಕೇಸು ಉದ್ದವಾಗಿ ಬಾಯಿ ಮಡಚಿರಬಹುದು. ರೈಫಲೇ ಸವೆದು, ತೋಟೆಯ ಹಿಂದೆ ಜಾಗ ಜಾಸ್ತಿಯಾಗಿ, ಕೇಸು ಎಳೆದು ಹರಿದಿರಬಹುದು. ಎರಡು ಸಲ ಮದ್ದು ಬೀಳುವುದೂ ಆಗುತ್ತದೆ. ಯಾರೋ ಕರೆಯುತ್ತಾರೆ, ಮನುಷ್ಯ ತಲೆಯೆತ್ತುತ್ತಾನೆ, ಎಲ್ಲಿಗೆ ಬಂದಿದ್ದೆ ಎಂದು ಮರೆಯುತ್ತಾನೆ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಇವೆಲ್ಲ ಹೆಂಗಸರಿಗೆ ಕಾಗದದಲ್ಲಿ ವಿವರಿಸುವುದು ಕಷ್ಟ. ನಿಮ್ಮ ಯಜಮಾನರೇ ಬರೆದರೆ ಒಳ್ಳೆಯದು. ಆ ರೈಫಲನ್ನು ಗೋಡೆಗೆ ತೂಗುಹಾಕಿ. ಬದುಕಿ ಉಳಿದಿದ್ದಾರಲ್ಲ, ಅದನ್ನು ನೆನೆದು ಸಮಾಧಾನ ಮಾಡಿಕೊಳ್ಳಿ.

ನಿಮ್ಮ ವಿಶ್ವಾಸಿ,
ಲೆಲ್ಯಾಂಡ್ ಪ್ರೂಯಿಟ್


ಡ್ರೈ ಫೋರ್ಕ್
11 ಫೆಬ್ರವರಿ 1956

ಶ್ರೀ ಪ್ರೂಯಿಟ್ ಅವರಿಗೆ,

ನನ್ನ ಯಜಮಾನರು ಬರೆಯುವುದಿಲ್ಲ. ಕಿಟಕಿಯ ಪಕ್ಕ ಕೂತು ರಸ್ತೆ ನೋಡುತ್ತಾರೆ. ಎಂಟು ಗಂಟೆಗೆ ಬಸ್ಸು ಹಾದುಹೋದ ಮೇಲೆ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಳ್ಳುತ್ತಾರೆ. ಆದ್ದರಿಂದ ಹೆಂಗಸಿಗೇ ವಿವರಿಸುವ ಕಷ್ಟವನ್ನು ನೀವು ತೆಗೆದುಕೊಳ್ಳಬೇಕಾಗುತ್ತದೆ.

ನೀವು ಹೇಳಿದ್ದನ್ನೆಲ್ಲ ನೋಡಿದೆ. ಮನೆಯಲ್ಲಿರುವುದು ಒಂದೇ ಡಬ್ಬಿ ಮದ್ದು, ಬೇರೆ ಡಬ್ಬಿ ಯಾವತ್ತೂ ಇರಲಿಲ್ಲ. ಆ ದಿನ ಹಿಮ ಬಿದ್ದಿರಲಿಲ್ಲ, ನೆಲ ಒಣಗಿತ್ತು, ನಳಿಗೆ ಉಬ್ಬಿಲ್ಲ. ರೈಫಲನ್ನು ಗ್ರೇಟ್ ಫಾಲ್ಸ್‌ನ ಕೋವಿ ರಿಪೇರಿಯವರ ಬಳಿ ಒಯ್ದೆ. ಅವರು ಅಳತೆಯ ಕಡ್ಡಿಗಳನ್ನೆಲ್ಲ ಹಾಕಿ ನೋಡಿ, "ಕೇಸು ಎಳೆಯೋ ಕೊಂಡಿ ಮುರಿದಿದೆ, ಮರ ಸೀಳಿದೆ. ಮಿಕ್ಕಿದ್ದೆಲ್ಲ ಗಟ್ಟಿ ಇದೆ ಕಣಮ್ಮ, ತೋಟೆ ಕೂರೋ ಜಾಗ ಸವೆದಿಲ್ಲ" ಎಂದರು. ಕೊಂಡಿ ಬದಲಿಸಿ ಕೊಟ್ಟಿದ್ದಾರೆ.

ಹೊಡೆಯದೆ ಉಳಿದ ಮೂವತ್ತೊಂಬತ್ತು ತೋಟೆಗಳ ಗುಂಡುಗಳನ್ನು ಒಂದೊಂದಾಗಿ ಕಿತ್ತೆ. ಮದ್ದನ್ನು ಬೇರೆಬೇರೆ ಬಟ್ಟಲಿಗೆ ಸುರಿದು ತೂಗಿದೆ. ಮೂವತ್ತೊಂಬತ್ತೂ ಒಂದೇ ತೂಕ, ಕೇಸುಗಳೂ ಒಂದೇ ಉದ್ದ. ಕಾಗದದ ಮೇಲೆ ಬರೆದಿಟ್ಟಿದ್ದೇನೆ, ಬೇಕಾದರೆ ಕಳಿಸುತ್ತೇನೆ.

ಆ ಕಾಗದವನ್ನು ಡೆಲ್ ರಾಸ್ಕೊನ ಮೇವಿನ ಅಂಗಡಿಗೂ ಒಯ್ದಿದ್ದೆ. ಈ ಊರಿನ ಮಾತೆಲ್ಲ ಹುಟ್ಟುವುದು ಅಲ್ಲಿಯ ಒಲೆಯ ಸುತ್ತ. ಡೆಲ್ ಕಾಗದವನ್ನು ದೂರ ಹಿಡಿದು ಓದಿದ.

"ಮೂವತ್ತೊಂಬತ್ತು ಸರಿ ಇದ್ವಾ, ಸಂತೋಷ. ಕೆಟ್ಟಿದ್ದು ನಲವತ್ತನೇದಲ್ವಾ ತಾಯಿ" ಎಂದ. ಒಲೆಯ ಸುತ್ತ ಕೂತವರು ನಕ್ಕರು.

"ನೀನು ಓಟ್ಸ್ ತೂಗೋವಾಗ ನಲವತ್ತು ಚೀಲಕ್ಕೆ ಒಂದರಲ್ಲಿ ಡಬಲ್ ಹಾಕ್ತೀಯಾ ಡೆಲ್?" ಎಂದೆ.

"ನಾನು ಕಡಿಮೆ ಹಾಕ್ತೀನಿ ಅಂತಾರೆ ಎಲ್ರೂ. ಜಾಸ್ತಿ ಅಂದಿದ್ದು ನೀನೇ ಮೊದಲು" ಎಂದ. ಇನ್ನೊಮ್ಮೆ ನಗು.

ನಗಲಿ. ಇನ್ನೇನು ನೋಡಬೇಕು, ತಿಳಿಸಿ.

ಆಲ್ಮಾ ಸ್ಟೊಕ್ಕೆ


ರೋಸ್‌ಬರ್ಗ್
24 ಫೆಬ್ರವರಿ 1956

ಮಿಸೆಸ್ ಸ್ಟೊಕ್ಕೆ,

ಹೊಡೆದ ಕೇಸೊಂದನ್ನು ಕಬ್ಬಿಣ ಕೊಯ್ಯುವ ಗರಗಸದಿಂದ ಉದ್ದಕ್ಕೆ ಸೀಳಿ. ಬುಡದಿಂದ ಅರ್ಧ ಬೆರಳು ಮೇಲೆ ಒಳಗೋಡೆಯಲ್ಲಿ ಗೆರೆಯಂತೆ ಸವೆದ ಉಂಗುರ ಕಂಡರೆ ಅದು ಎಳೆದು ತೆಳುವಾದ ಗುರುತು, ಅಂದರೆ ರೈಫಲಿನ ದೋಷ. ಕಾಣದಿದ್ದರೆ ಮತ್ತೆ ಮದ್ದಿಗೇ ಬರಬೇಕಾಗುತ್ತದೆ. ನಿಮ್ಮ ಅಂಗಡಿಯವರು ಹೇಳಿದ್ದರಲ್ಲಿ ತಪ್ಪಿಲ್ಲ. ಉಳಿದವೆಲ್ಲ ಸರಿಯಿದ್ದ ಮಾತ್ರಕ್ಕೆ ಒಡೆದದ್ದೂ ಸರಿಯಿತ್ತೆಂದು ಹೇಳಲಾಗದು.

ನೀವು ಇಷ್ಟೆಲ್ಲ ಕಾಗದದಲ್ಲಿ ದಾಖಲೆ ಮಾಡಿಡುತ್ತಿರುವುದನ್ನು ನೋಡಿದರೆ ವಕೀಲರನ್ನು ಕಂಡಿದ್ದೀರೆಂದು ತೋರುತ್ತದೆ. ಹಾಗಿದ್ದರೆ ಮೊದಲೇ ಹೇಳಿಬಿಡಿ. ನಾನು ಒಂದು ಶೆಡ್ಡಿನಲ್ಲಿ ಕೂತು ಕೆಲಸ ಮಾಡುವ ಮುದುಕ, ಕಂಪನಿಯಲ್ಲ.

ಲೆ. ಪ್ರೂಯಿಟ್


ಡ್ರೈ ಫೋರ್ಕ್
7 ಮಾರ್ಚ್ 1956

ಶ್ರೀ ಪ್ರೂಯಿಟ್ ಅವರಿಗೆ,

ವಕೀಲರನ್ನು ನಾನು ಕಂಡಿಲ್ಲ, ಕಾಣುವುದೂ ಇಲ್ಲ. ವಕೀಲರು ಏನು ಕೊಡಿಸಿದರೂ ಡೆಲ್‌ನ ಒಲೆಯ ಸುತ್ತಿನ ನಗು ನಿಲ್ಲುವುದಿಲ್ಲ. ನನಗೆ ಬೇಕಾದದ್ದು ಕಾರಣ.

ಒಂದಲ್ಲ, ಎರಡು ಕೇಸು ಸೀಳಿದೆ. ಬಲಗೈ ಹೆಬ್ಬೆರಳಿನಲ್ಲಿ ಬೊಬ್ಬೆ ಬಂತು. ಒಳಗೆ ಉಂಗುರವಿಲ್ಲ, ಗೋಡೆ ನುಣ್ಣಗಿದೆ. ಅಲ್ಲಿಗೆ ರೈಫಲಿನ ದೋಷವೂ ಹೋಯಿತು.

ಬೇರೆ ಎರಡು ವಿಷಯ ಬರೆಯುತ್ತೇನೆ. ಮುಖ್ಯವೋ ಅಲ್ಲವೋ ನೀವೇ ಹೇಳಬೇಕು. ಅಕ್ಟೋಬರಿನಲ್ಲಿ ಗುರಿ ಹೊಡೆಯುವಾಗ ಕೆಲವು ಸಲ ಬೋಲ್ಟಿನ ಹಿಡಿ ಏಳುತ್ತಲೇ ಇರಲಿಲ್ಲ. ಕೆರ್ಮಿಟ್ ಅಂಗೈಯಿಂದ ಗುದ್ದಿ ಎಬ್ಬಿಸಿದ್ದರು. "ಹತ್ತು ವರ್ಷ ಆದ್ರೂ ಇದಕ್ಕಿನ್ನೂ ನಮ್ಮ ಮೇಲೆ ಸಿಟ್ಟು ಹೋಗಿಲ್ಲ ನೋಡು" ಎಂದು ತಮಾಷೆ ಮಾಡಿದ್ದರು. ಕೆಲವು ಸಲ ಸಲೀಸಾಗಿಯೇ ಎದ್ದಿತ್ತು.

ಇನ್ನೊಂದು, ಆ ಎರಡು ಕೇಸು ಸೀಳುವ ಮೊದಲು, ಕಿತ್ತ ಗುಂಡುಗಳು ಮೇಜಿನ ಮೇಲೆ ಉರುಳಾಡುತ್ತಿದ್ದವು. ಬಿದ್ದುಹೋಗದಿರಲೆಂದು ಹೊಡೆದ ಖಾಲಿ ಕೇಸುಗಳ ಬಾಯಿಗೆ ಒಂದೊಂದನ್ನು ಇಳಿಬಿಟ್ಟೆ. ನಾಲ್ಕರಲ್ಲಿ ಗುಂಡು ತಾನಾಗಿಯೇ ಒಳಗೆ ಜಾರಿಹೋಯಿತು. ಆರರಲ್ಲಿ ಬಾಯಿಯ ಮೇಲೆಯೇ ನಿಂತಿತು, ಬೆರಳಿನಿಂದ ಒತ್ತಿದರೂ ಇಳಿಯಲಿಲ್ಲ. ಒಂದೇ ಪೆಟ್ಟಿಗೆಯ ಕೇಸು, ಒಂದೇ ರೈಫಲಿನಲ್ಲಿ ಹೊಡೆದದ್ದು. ಹೀಗೇಕೆ?

ಆಲ್ಮಾ ಸ್ಟೊಕ್ಕೆ


ಡ್ರೈ ಫೋರ್ಕ್
14 ಏಪ್ರಿಲ್ 1956

ಶ್ರೀ ಪ್ರೂಯಿಟ್ ಅವರಿಗೆ,

ಐದು ವಾರವಾಯಿತು, ನಿಮ್ಮಿಂದ ಉತ್ತರವಿಲ್ಲ. ಅಂಚೆಯವಳು ಬರ್ನೀಸ್ ನಾನು ಬಾಗಿಲಿಗೆ ಬರುವ ಮೊದಲೇ ತಲೆಯಲ್ಲಾಡಿಸುವುದನ್ನು ಕಲಿತಿದ್ದಾಳೆ.

ನೀವು ಸುಮ್ಮನಾಗಿರುವುದು ಏಕೆಂದು ನನಗೆ ಹೊಳೆದಿದೆ. ಕೆಲಸ ಬಲ್ಲವರು ನೀವು. ನಾನು ಏನೋ ಮುಚ್ಚಿಟ್ಟು ಬರೆಯುತ್ತಿದ್ದೇನೆಂದು ನಿಮಗೆ ಗೊತ್ತಾಗಿರಬೇಕು. ಬೋಲ್ಟಿನ ಮಾತು, ತಕ್ಕಡಿಯ ಮಾತು, ಪಕ್ಕದಲ್ಲಿ ಕೂತು ನೋಡಿದವಳು ಬರೆಯುವ ಮಾತಲ್ಲ. ಸರಿ, ಹೇಳುತ್ತೇನೆ.

ಆ ಐವತ್ತನ್ನೂ ತುಂಬಿದವಳು ನಾನು.

ಯುದ್ಧದ ಎರಡು ವರ್ಷ ಮಿನ್ನೆಸೋಟದ ತೋಟೆ ಕಾರ್ಖಾನೆಯಲ್ಲಿ ತೂಕ ನೋಡುವ ಸಾಲಿನಲ್ಲಿ ಕೂತಿದ್ದೆ. ಕೆರ್ಮಿಟ್ ಲುಜಾನ್‌ನಲ್ಲಿದ್ದ. ಅಲ್ಲಿ ಕಲಿತ ಕೆಲಸ ಕೈಯಿಂದ ಹೋಗಲಿಲ್ಲ. ಕೆರ್ಮಿಟ್‌ಗೆ ತಕ್ಕಡಿಯ ಮುಂದೆ ಕೂರುವ ತಾಳ್ಮೆಯಿಲ್ಲ. ಸಣ್ಣ ತೂಕದ ಬಿಲ್ಲೆಗಳು ಅವನ ಬೆರಳಿಗೆ ಸಿಗುವುದೂ ಇಲ್ಲ. ನನಗೆ ಆ ಕೆಲಸ ಇಷ್ಟ. ರೊಟ್ಟಿ ಮಾಡಿ ಮುಗಿಸಿದ ಮೇಲೆ ಮೇಜಿನ ಮೇಣಬಟ್ಟೆ ಒರೆಸಿ, ತಕ್ಕಡಿ ಇಟ್ಟುಕೊಂಡು ಕೂತರೆ ಮಧ್ಯಾಹ್ನ ಹೋದದ್ದೇ ತಿಳಿಯುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಅವನಿಗೆ ಎಚ್ಚರ ಬಂದಾಗ ಶೆರಿಫನ ಕಡೆಯವನು ಬಂದು ನಿಂತಿದ್ದ. "ತೋಟೆ ತುಂಬಿದ್ಯಾರು?" ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಕೆರ್ಮಿಟ್, "ನಾನೇ, ಇನ್ಯಾರು ತುಂಬ್ತಾರೆ" ಎಂದ. ಶೆರಿಫನ ಕಡೆಯವನು ಹೋದ ಮೇಲೆ ಕೇಳಿದೆ, ಯಾಕೆ ಹಾಗಂದೆ ಎಂದು. "ಕಣ್ಣು ನಂದು ಹೋಗಿದ್ದು, ಮಾತೂ ನನ್ ಮೇಲೆ ಇರ್ಲಿ ಬಿಡು" ಎಂದು ಗೋಡೆಯ ಕಡೆ ತಿರುಗಿದ. ಅಂದಿನಿಂದ ನಾವಿಬ್ಬರೂ ಆ ಮಾತನ್ನು ಎತ್ತಿಲ್ಲ.

ಅಂಗಡಿಯಲ್ಲಿ ನಗುವುದು ಅವನನ್ನು ನೋಡಿ. ಅವನು ನಗಿಸಿಕೊಳ್ಳುತ್ತಿರುವುದು ನನಗೋಸ್ಕರ. ಹಾಗಾಗಿ ಈ ಕಾರಣ ತಿಳಿಯದೆ ನಾನು ಬಿಡುವವಳಲ್ಲ, ಆ ಕಾರಣ ನಾನೇ ಆಗಿದ್ದರೂ ಸರಿ. ನನಗೆ ನನ್ನ ಕೈಯ ಮೇಲೆ ನಂಬಿಕೆಯಿದೆ. ಆದರೆ ಐದು ತಿಂಗಳಿನಿಂದ ದಿನಾ ಬೆಳಿಗ್ಗೆ ಅದೇ ಕೈಯನ್ನು ನೋಡಿಕೊಂಡು, ಯಾರು ಕರೆದಿದ್ದರು, ಯಾವಾಗ ತಲೆಯೆತ್ತಿದೆ ಎಂದು ಯೋಚಿಸುತ್ತೇನೆ. ನೀವು ಕಾಗದದಲ್ಲಿ ಬರೆದಿದ್ದಿರಲ್ಲ, ಆ ಸಾಲು.

ಎರಡು ಸಲ ಸುರಿದವಳು ನಾನಾದರೆ ಹಾಗೆಂದೇ ಬರೆಯಿರಿ. ಮೆತ್ತಗೆ ಬರೆಯಬೇಕಾಗಿಲ್ಲ. ಉತ್ತರ ಬಾರದಿದ್ದರೆ ಬಸ್ಸು ಹತ್ತಿ ರೋಸ್‌ಬರ್ಗಿಗೆ ಬರುತ್ತೇನೆ.

ಆಲ್ಮಾ ಸ್ಟೊಕ್ಕೆ


ರೋಸ್‌ಬರ್ಗ್
23 ಏಪ್ರಿಲ್ 1956

ಮಿಸೆಸ್ ಸ್ಟೊಕ್ಕೆ,

ನೀವು ಎರಡು ಸಲ ಸುರಿದಿಲ್ಲ. ಸುರಿಯಲು ಸಾಧ್ಯವೇ ಇಲ್ಲ. ನೀವು ಬಳಸಿದ ಮದ್ದು ಒಂದು ಅಳತೆಗೇ ಆ ಕೇಸಿನ ಮುಕ್ಕಾಲು ಭಾಗ ತುಂಬುತ್ತದೆ. ಎರಡನೆಯದನ್ನು ಸುರಿದರೆ ಬಾಯಿಯಿಂದ ಹೊರಗೆ ಚೆಲ್ಲುತ್ತದೆ, ಗುಂಡು ಕೂರಿಸಲು ಜಾಗವೂ ಉಳಿಯುವುದಿಲ್ಲ. ಮದ್ದಿನ ಹೆಸರು ನಿಮ್ಮ ಯಜಮಾನರ ಜುಲೈ ತಿಂಗಳ ಪತ್ರದಲ್ಲೇ ಇತ್ತು. ಅಂದರೆ ನಿಮಗೆ ಮೊದಲನೇ ಉತ್ತರ ಬರೆಯುವಾಗಲೇ ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬರೆದೆ.

ಕಾರಣ ಕೇಸಿನ ಕತ್ತು, ಅಂದರೆ ಗುಂಡನ್ನು ಹಿಡಿದಿರುವ ಕಿರಿದಾದ ಮೇಲ್ಭಾಗ. ನಮ್ಮ ಸೈನ್ಯದ ಕೇಸು ಉದ್ದ, ಜಪಾನಿನದು ಗಿಡ್ಡ. ಉದ್ದದ್ದನ್ನು ಗಿಡ್ಡ ಮಾಡಿದಾಗ, ಮೊದಲು ಕತ್ತಿನ ಕೆಳಗೆ ಭುಜವಾಗಿದ್ದ ದಪ್ಪ ಹಿತ್ತಾಳೆ ಹೊಸ ಕತ್ತಾಗುತ್ತದೆ. ಆ ಕತ್ತನ್ನು ರೀಮರಿನಿಂದ ಒಳಗಿನಿಂದ ಕೊರೆದು ತೆಳ್ಳಗೆ ಮಾಡಬೇಕು. ಮಾಡದಿದ್ದರೆ ತೋಟೆಯ ಕತ್ತು ರೈಫಲಿನ ಒಳಗೆ ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆ. ಮದ್ದು ಉರಿದಾಗ ಕತ್ತು ಹಿಗ್ಗಿ ಗುಂಡನ್ನು ಬಿಡಬೇಕು. ಹಿಗ್ಗಲು ಜಾಗವಿಲ್ಲ. ಗುಂಡು ಬಿಡಿಸಿಕೊಳ್ಳುವಷ್ಟರಲ್ಲಿ ಒತ್ತಡ ಏರಿ, ಕತ್ತು ತುಸು ದಪ್ಪವಿದ್ದರೆ ಬೋಲ್ಟು ಬಿಗಿಯುತ್ತದೆ, ತೀರ ದಪ್ಪವಿದ್ದರೆ ಬುಡ ಒಡೆಯುತ್ತದೆ. ಹೊಡೆದ ಕೇಸಿನ ಬಾಯಿಗೆ ಗುಂಡು ತಾನಾಗಿ ಇಳಿಯಬೇಕು. ಇಳಿಯದಿದ್ದರೆ ಕತ್ತು ದಪ್ಪ. ನೀವು ಗುಂಡು ಉರುಳದಿರಲೆಂದು ಮಾಡಿದ್ದೇ ಅದಕ್ಕಿರುವ ಪರೀಕ್ಷೆ. ನಿಮ್ಮ ಮಾರ್ಚ್ ಪತ್ರ ಓದಿ ಅದನ್ನು ಶೆಡ್ಡಿನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದೆ.

ಕಳೆದ ಜೂನಿನಲ್ಲಿ ನನ್ನ ರೀಮರಿನ ಹಲ್ಲು ಮುರಿಯಿತು. ಹೊಸದು ಬರಲು ಆರು ವಾರ ಎಂದರು. ಬೇಟೆ ಕಾಲಕ್ಕೆ ಮುಂಚೆ ಕಳಿಸಿ ಎಂದು ಪತ್ರಗಳು ಬಂದು ಬಿದ್ದಿದ್ದವು. ಕೊರೆಯದ ಮೂರು ಕೇಸುಗಳನ್ನು ಅಳೆದು ನೋಡಿದೆ, ಪರವಾಗಿಲ್ಲ ಎನಿಸಿತು. ನಿಮ್ಮ ಪೆಟ್ಟಿಗೆಯಲ್ಲಿ ಅರ್ಧ ಕೊರೆದವು, ಅರ್ಧ ಕೊರೆಯದವು. ಸೆಪ್ಟೆಂಬರಿನಲ್ಲಿ ನೆವಾಡಾದಿಂದ ಒಬ್ಬರು ಬೋಲ್ಟು ಬಿಗಿಯಾಗುತ್ತಿದೆ ಎಂದು ಬರೆದರು. ಮದ್ದು ಕಡಿಮೆ ಮಾಡಿ ಎಂದು ಉತ್ತರಿಸಿದೆ. ಏನಾಗಿದೆಯೆಂದು ಆಗಲೇ ಗೊತ್ತಾಗಿತ್ತು. ಉಳಿದವರಿಗೆ ಬರೆಯಲಿಲ್ಲ.

ನೀವು ಕೈ ನೋಡಿಕೊಳ್ಳುವ ಸಾಲನ್ನು ವಿನೋನಾಗೆ ಓದಿ ಹೇಳಿದೆ. ಅವಳು ತಟ್ಟೆ ತೊಳೆಯುವುದನ್ನು ನಿಲ್ಲಿಸಿ, "ಲೆಲ್ಯಾಂಡ್, ನೀವು ಆ ಹೆಂಗಸಿಗೆ ಏನು ಮಾಡಿದೀರಿ?" ಎಂದಳು. ನವೆಂಬರಿನಲ್ಲಿ ಏನಾಯಿತೆಂದು ಅವಳು ಕೇಳಲಿಲ್ಲ. ಪತ್ರಗಳಲ್ಲಿ ಏನು ಮಾಡಿದೆನೆಂದು ಕೇಳಿದಳು. ಕ್ಷಮೆ ಕೇಳಲು ನನಗೆ ಮುಖವಿಲ್ಲ. ಆದರೂ ಕೇಳುತ್ತೇನೆ.

ಲೆಲ್ಯಾಂಡ್ ಪ್ರೂಯಿಟ್


ಡ್ರೈ ಫೋರ್ಕ್
1 ಮೇ 1956

ಪ್ರೂಯಿಟ್ ಅವರೇ,

ನಿಮ್ಮ ಪತ್ರವನ್ನು ಕೆರ್ಮಿಟ್‌ಗೆ ಜೋರಾಗಿ ಓದಿದೆ. ಅವನು ಎದ್ದು ಕಪಾಟಿನಿಂದ ತಕ್ಕಡಿಯನ್ನೂ ಮದ್ದಿನ ಡಬ್ಬಿಯನ್ನೂ ತಾನೇ ತಂದು ಮೇಜಿನ ಮೇಲಿಟ್ಟ. ನವೆಂಬರಿನಿಂದ ಅವನು ಅವನ್ನು ಮುಟ್ಟಿರಲಿಲ್ಲ. "ಸುರಿ" ಎಂದ. ಖಾಲಿ ಕೇಸಿಗೆ ಒಂದು ಅಳತೆ ಸುರಿದೆ. "ಇನ್ನೊಂದು" ಎಂದ. ಎರಡನೆಯದು ಅರ್ಧ ಬೀಳುವ ಮೊದಲೇ ಬಾಯಿ ಮುಟ್ಟಿ, ಮಿಕ್ಕದ್ದು ಮೇಣಬಟ್ಟೆಯ ಮೇಲೆಲ್ಲ ಹರಡಿತು. ನಾವಿಬ್ಬರೂ ಅದನ್ನೇ ನೋಡುತ್ತ ಕೂತೆವು.

"ಹಂಗಾದ್ರೆ ನೀನಲ್ಲ" ಎಂದ.

"ನಾನೇ ಅಂದ್ಕೊಂಡಿದ್ಯಾ?" ಎಂದೆ.

"ಹ್ಞೂಂ."

"ಮೊದಲ ದಿನದಿಂದ?"

"ಆಸ್ಪತ್ರೆಯಿಂದ. ನಿಂಗೆ ಹೇಳಿದ್ರೆ ನೀನು ಬದುಕ್ತಾ ಇರ್ಲಿಲ್ಲ ಆಲ್ಮಾ."

ಐದೂವರೆ ತಿಂಗಳು ಒಂದೇ ಮನೆಯಲ್ಲಿ ಉಂಡು ಮಲಗಿದ್ದೇವೆ. ಅವನ ಕಣ್ಣನ್ನು ನಾನೇ ತೆಗೆದೆನೆಂದು ನಂಬಿಕೊಂಡು, ನಾನು ಬಡಿಸಿದ್ದನ್ನು ತಿಂದು, ಊರವರ ಮಾತನ್ನು ನನ್ನ ತನಕ ಬಿಡದೆ ತಾನೇ ಕೇಳಿಸಿಕೊಂಡಿದ್ದಾನೆ. ಒಂದು ದಿನವೂ ನನ್ನ ಮೇಲೆ ದನಿಯೆತ್ತಲಿಲ್ಲ. ಜನವರಿಯಲ್ಲಿ ನೀವು ಒಂದು ಸಾಲು ಬರೆದಿದ್ದರೆ ಮೂರು ತಿಂಗಳು ಅವನಿಗೆ ಉಳಿಯುತ್ತಿತ್ತು. ರೀಮರು ಮುರಿದದ್ದನ್ನು ನಾನು ಒಂದು ದಿನ ಮರೆಯಬಹುದು. ಇದನ್ನು ಮರೆಯುತ್ತೇನೆಂದು ನಿಮಗೆ ಮಾತು ಕೊಡಲಾರೆ.

ಕ್ಷಮೆ ನನಗೆ ಬೇಡ, ಇಟ್ಟುಕೊಳ್ಳಲು ನನ್ನಲ್ಲಿ ಜಾಗವಿಲ್ಲ. ಬೇಕಾದದ್ದು ಎರಡು ಕೆಲಸ.

ಮುರಿದ ರೀಮರಿನ ಕಾಲದಲ್ಲಿ ಕೇಸು ತರಿಸಿಕೊಂಡ ಪ್ರತಿಯೊಬ್ಬರಿಗೂ ಈ ವಾರವೇ ಬರೆಯಿರಿ. ಹೆಸರುಗಳನ್ನು ನನಗೂ ಕಳಿಸಿ. ನೀವು ಬರೆಯದಿದ್ದರೆ ನಾನು ಬರೆಯುತ್ತೇನೆ, ಮತ್ತು ನನ್ನ ಪತ್ರ ನಿಮ್ಮದಕ್ಕಿಂತ ಉದ್ದವಿರುತ್ತದೆ.

ಎರಡನೆಯದು, ನಡೆದದ್ದನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಕಳಿಸಿ. ಅದನ್ನು ಡೆಲ್‌ನ ಅಂಗಡಿಯ ಗೋಡೆಗೆ ಅಂಟಿಸುತ್ತೇನೆ. ತುಂಬಿದವರು ಯಾರೆಂದು ಬಿಡಬೇಡಿ. ಆಲ್ಮಾ ಸ್ಟೊಕ್ಕೆ ತುಂಬಿದಳು ಎಂದೇ ಇರಲಿ. ಕೆರ್ಮಿಟ್ ಬೇಡ ಎನ್ನುತ್ತಿದ್ದಾನೆ. ಅವನ ಮಾತು ಕೇಳಬೇಡಿ.

ಆಲ್ಮಾ ಸ್ಟೊಕ್ಕೆ


ರೋಸ್‌ಬರ್ಗ್
19 ಮೇ 1956

ಮಿಸೆಸ್ ಸ್ಟೊಕ್ಕೆ,

ಹಾಳೆ ಇದರೊಂದಿಗಿದೆ. ನಾಲ್ಕು ಸಲ ಬರೆದೆ. ಮೊದಲ ಮೂರನ್ನು ವಿನೋನಾ ಓದಿ, "ಇದ್ರಲ್ಲಿ ನೀವೆಲ್ಲಿದೀರಿ? ಬರೀ ರೀಮರ್ರೇ ಇದೆ" ಎಂದು ಹಿಂದಕ್ಕೆ ಕೊಟ್ಟಳು. ಇದರಲ್ಲಿ ನಾನಿದ್ದೇನೆ.

ಒಟ್ಟು ಹದಿನೇಳು ಜನ. ಎಲ್ಲರಿಗೂ ಬರೆದೆ. ಹದಿನಾಲ್ಕು ಉತ್ತರ ಬಂದಿವೆ. ಇಬ್ಬರು ಬೈದಿದ್ದಾರೆ, ಒಬ್ಬರು ಕೇಸುಗಳನ್ನು ಸುತ್ತಿಗೆಯಿಂದ ಚಪ್ಪಟೆ ಮಾಡಿ ಪಾರ್ಸೆಲ್ ಕಳಿಸಿದ್ದಾರೆ. ನೆವಾಡಾದವರು ತಮ್ಮ ಪೆಟ್ಟಿಗೆಯನ್ನು ಅಳಿಯನಿಗೆ ಕೊಟ್ಟಿದ್ದರಂತೆ. ಅಳಿಯ ಕುರಿಗಳ ಹಿಂದೆ ಬೆಟ್ಟಕ್ಕೆ ಹೊರಡಲು ಗಂಟುಮೂಟೆ ಕಟ್ಟಿದ್ದನಂತೆ, ರೈಫಲು ತುಂಬಿಯೇ ಇತ್ತಂತೆ. ಮಾವ ನಲವತ್ತು ಮೈಲಿ ಗಾಡಿ ಓಡಿಸಿಕೊಂಡು ಹೋಗಿ ತಡೆದರಂತೆ. ಉತ್ತರ ಬಾರದ ಮೂವರಿಗೆ ಅವರವರ ಊರಿನ ಅಂಚೆ ಕಚೇರಿಯ ಮೂಲಕ ವಿಚಾರಿಸುತ್ತಿದ್ದೇನೆ. ಹೆಸರುಗಳ ಪಟ್ಟಿ ಹಿಂದಿನ ಪುಟದಲ್ಲಿದೆ.

ಹೊಸ ರೀಮರು ಆಗಸ್ಟಿನಲ್ಲೇ ಬಂದಿತ್ತು. ಆದರೂ ಶೆಡ್ಡಿಗೆ ಬೀಗ ಹಾಕುತ್ತಿದ್ದೇನೆ. ಇನ್ನು ಈ ಕೆಲಸ ಮಾಡಲು ನನಗೆ ಹಕ್ಕಿಲ್ಲ.

ಲೆಲ್ಯಾಂಡ್ ಪ್ರೂಯಿಟ್


ಡ್ರೈ ಫೋರ್ಕ್
11 ಜೂನ್ 1956

ಪ್ರೂಯಿಟ್ ಅವರೇ,

ನಿಮ್ಮ ಹಾಳೆಯನ್ನು ಡೆಲ್ ರಾಸ್ಕೊನ ಅಂಗಡಿಯ ಗೋಡೆಗೆ ಹಾಕಿದೆ. ನಾಲ್ಕು ಮೂಲೆಗೂ ಮೊಳೆ ಹೊಡೆದೆ. ಡೆಲ್ ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದ. ಒಲೆ ಉರಿಯದಿದ್ದರೂ ಅದರ ಸುತ್ತ ಅವೇ ನಾಲ್ವರು ಕೂತಿದ್ದರು.

"ಹೆಂಗಸು ತುಂಬಿದ ತೋಟೆನಾ?" ಎಂದ ಡೆಲ್. "ಮೊದಲೇ ಹೇಳಿದ್ರೆ ನಾವು ಇಷ್ಟು ದಿನ ಯೋಚ್ನೆ ಮಾಡೋದೇ ಬೇಕಿರ್ಲಿಲ್ವಲ್ಲ."

ಹೀಗಾಗುತ್ತದೆಂದು ಕೆರ್ಮಿಟ್ ಹೇಳಿದ್ದ. ಅವನು ಬಾಗಿಲ ಬಳಿ ನಿಂತಿದ್ದ, ಕಣ್ಣಿಗೆ ಕಪ್ಪು ಬಟ್ಟೆ ಕಟ್ಟಿಕೊಂಡು. ಒಂದು ಹೆಜ್ಜೆ ಮುಂದೆ ಬಂದ. ನಾನು ಕೈ ಅಡ್ಡ ಹಿಡಿದೆ.

"ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಗುರಿ ಹೊಡೆಯೋ ಮೈದಾನಕ್ಕೆ ಬಾ ಡೆಲ್" ಎಂದೆ. "ಇದೇ ರೈಫಲು, ಇದೇ ಡಬ್ಬಿ ಮದ್ದು. ಇಪ್ಪತ್ತು ತುಂಬ್ಕೊಂಡು ಬರ್ತೀನಿ. ಯಾವುದನ್ನ ಹೊಡೀಬೇಕು ಅಂತ ನೀನೇ ಆರಿಸು. ನಾನು ಹೊಡೀತೀನಿ."

ಗ್ರೇಟ್ ಫಾಲ್ಸ್‌ನ ರಿಪೇರಿಯವರ ಬಳಿ ಹೋಗಿ ಅವರ ರೀಮರು ಎರವಲು ತಂದೆ. ಉಳಿದ ನಿಮ್ಮ ಕೇಸುಗಳಲ್ಲಿ ಇಪ್ಪತ್ತರ ಕತ್ತನ್ನು ನಾನೇ ಕೊರೆದೆ. ಹಿತ್ತಾಳೆಯ ಪುಡಿ ಸಕ್ಕರೆಯಂತೆ ಉದುರುತ್ತದೆ. ಪ್ರತಿಯೊಂದನ್ನೂ ಮೂರು ಕಡೆ ಅಳೆದೆ. ಕೆರ್ಮಿಟ್ ಎದುರು ಕೂತು ಅಳತೆಗಳನ್ನು ಬರೆದುಕೊಂಡ. ಹದಿನಾಲ್ಕನೆಯದು ಕೂದಲೆಳೆಯಷ್ಟು ದಪ್ಪ ಬಂತು. "ಬಿಡು, ಅಷ್ಟೇ ತಾನೆ" ಎಂದು ಅವನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಮತ್ತೆ ಕೊರೆದೆ.

ಭಾನುವಾರ ಅರ್ಧ ಊರು ಬಂದಿತ್ತು. ಚರ್ಚಿನ ಬಟ್ಟೆಯಲ್ಲೇ, ಕೈಯಲ್ಲಿ ರುಬಾರ್ಬ್ ದಂಟಿನ ಸಿಹಿ ಕಡುಬಿನ ತಟ್ಟೆ ಹಿಡಿದು. ನಾಟಕ ನೋಡಲು ಬಂದ ಹಾಗೆ. ಡೆಲ್ ಇಪ್ಪತ್ತನ್ನೂ ಅಂಗೈಯಲ್ಲಿ ಹೊರಳಿಸಿ, ಒಂದನ್ನು ಆರಿಸಿ ಕೊಟ್ಟ. ಅವನ ಮುಖದಲ್ಲಿ ನಗು ಇರಲಿಲ್ಲ.

"ಆಲ್ಮಾ, ಇದೆಲ್ಲ ಬೇಕಾ? ನಾನು ತಮಾಷೆಗೆ ಅಂದಿದ್ದು" ಎಂದ.

"ನಾನು ತಮಾಷೆಗೆ ಬಂದಿಲ್ಲ" ಎಂದೆ.

ನಿಮಗೆ ಸುಳ್ಳು ಬರೆಯುವುದಿಲ್ಲ. ಕನ್ನಡಕ ಹಾಕಿಕೊಂಡು ರೈಫಲನ್ನು ಕೆನ್ನೆಗೆ ಒತ್ತಿದವಳು ಒಮ್ಮೆ ಕೆಳಗಿಳಿಸಿ ಮತ್ತೆ ಎತ್ತಿದೆ. ಕತ್ತು ದಪ್ಪವಿಲ್ಲವೆಂದು ಗೊತ್ತು, ತೂಕ ಸರಿಯೆಂದು ಗೊತ್ತು, ರೈಫಲು ಗಟ್ಟಿಯೆಂದು ಗೊತ್ತು. ಆದರೂ ನವೆಂಬರಿನ ಆ ಸದ್ದು ಕಿವಿಯಲ್ಲಿತ್ತು. ಕೆರ್ಮಿಟ್ ಹಿಂದಕ್ಕೆ ಸರಿಯಲಿಲ್ಲ. ನನ್ನ ಭುಜದ ಪಕ್ಕದಲ್ಲೇ ಬಂದು ನಿಂತ, ಇರುವ ಒಂದು ಕಣ್ಣನ್ನು ಬೋಲ್ಟಿನ ಹತ್ತಿರಕ್ಕೆ ತಂದು. ದೂರ ಹೋಗು ಎಂದೆ. "ನಿನ್ ತೂಕ ನಂಗೊತ್ತು, ಹೊಡಿ" ಎಂದ.

ಹೊಡೆದೆ. ಬೋಲ್ಟಿನ ಹಿಡಿ ಒಂದೇ ಬೆರಳಿಗೆ ಎದ್ದಿತು. ಕೇಸು ಹುಲ್ಲಿನ ಮೇಲೆ ಬಿತ್ತು. ಅದು ಬಿಸಿಯಿರುವಾಗಲೇ ಡೆಲ್‌ನ ಅಂಗೈಗೆ ಹಾಕಿ, ಒಂದು ಗುಂಡನ್ನು ಅದರ ಬಾಯಿಗೆ ಇಳಿಬಿಟ್ಟೆ. ಬುಡದ ತನಕ ಜಾರಿತು. "ನೋಡು, ಹೀಗೆ ಜಾರ್ಬೇಕು" ಎಂದೆ. ಅವನು ಅದನ್ನು ಅಲ್ಲಾಡಿಸಿ, ಒಳಗಿನ ಸದ್ದು ಕೇಳಿ, ಪಕ್ಕದವನಿಗೆ ಕೊಟ್ಟ. ಅವನು ಇನ್ನೊಬ್ಬನಿಗೆ ಕೊಟ್ಟ. ಹಾಗೇ ಅದು ಕೈಯಿಂದ ಕೈಗೆ ಹೋಯಿತು. ಉಳಿದ ಹತ್ತೊಂಬತ್ತನ್ನೂ ಹೊಡೆದೆ. ನನ್ನ ಗುರಿ ಹೇಳಿಕೊಳ್ಳುವಂತಿಲ್ಲ, ಆದರೆ ನಾನು ಅಲ್ಲಿಗೆ ಹೋದದ್ದು ಗುರಿಗಲ್ಲ.

ಬಸ್ಸು ಕೆರ್ಮಿಟ್‌ಗೆ ಮರಳಿ ಸಿಗುವುದಿಲ್ಲ. ಬಸ್ಸುಗಳ ರಿಪೇರಿ ಶೆಡ್ಡಿಗೆ ಬಾ ಎಂದು ಶಾಲೆಯವರು ಹೇಳಿಕಳಿಸಿದ್ದಾರೆ, ಅವನು ಯೋಚಿಸುತ್ತಿದ್ದಾನೆ. ಎಡಗಣ್ಣಿನಲ್ಲಿ ಗುರಿ ಹಿಡಿಯುವುದನ್ನು ನಿನ್ನೆಯಿಂದ ಹಿತ್ತಲಲ್ಲಿ ಕಲಿಯುತ್ತಿದ್ದಾನೆ. ರೈಫಲನ್ನು ಎಡಭುಜಕ್ಕೆ ಇಟ್ಟುಕೊಂಡರೆ ಬೋಲ್ಟು ಎಟುಕುವುದಿಲ್ಲವೆಂದು ಇಡೀ ಜಪಾನನ್ನು ಬೈಯುತ್ತಾನೆ. ಬೈಗುಳ ಕೇಳಿ ಏಳು ತಿಂಗಳಾಗಿತ್ತು. ಅಡುಗೆಮನೆಯ ಕಿಟಕಿ ತೆರೆದಿಟ್ಟು ಕೇಳುತ್ತೇನೆ.

ಇನ್ನು ನಿಮ್ಮ ಶೆಡ್ಡಿನ ವಿಷಯ. ಬೀಗ ಹಾಕಿ ಒಳಗೆ ಕೂತರೆ ಯಾರಿಗೂ ಉಪಯೋಗವಿಲ್ಲ. ಮೂವರು ಇನ್ನೂ ಸಿಕ್ಕಿಲ್ಲ, ಅವರನ್ನು ಮೊದಲು ಹುಡುಕಿ ಮುಗಿಸಿ. ಕೆರ್ಮಿಟ್ ನಿಮಗೆ ನಮಸ್ಕಾರ ಹೇಳಿಲ್ಲ. ಹೇಳಿದ ದಿನ ಬರೆಯುತ್ತೇನೆ. ನಾನೂ ಹೇಳುತ್ತಿಲ್ಲ. ಆದರೆ ಈ ರೈಫಲಿಗೆ ಕೇಸು ಒತ್ತುವ ಅಚ್ಚು ನಮ್ಮ ಕಡೆ ಯಾರ ಹತ್ತಿರವೂ ಇಲ್ಲ, ಮತ್ತು ಬೇಟೆ ಕಾಲ ನವೆಂಬರಿಗೆ ಬರುತ್ತದೆ.

ಐವತ್ತು ಕೇಸು ಕಳಿಸಿ. ಕತ್ತು ಕೊರೆಯಬೇಡಿ. ಅದನ್ನು ನಾನು ಮಾಡುತ್ತೇನೆ.

ಆಲ್ಮಾ ಸ್ಟೊಕ್ಕೆ